ಜಡ್ಜಮ್ಮ ನಗಲಿಲ್ಲವೆಂಬ ದೂರಿನ ಬಗ್ಗೆ

ಎಂಟು ದಿನಗಳ ಮಕ್ಕಳ ಸೇವೆಗಾಗಿ ಸಮುದ್ರ ದಾಟಿ ಬಂದು ಒಂಬತ್ತನೆಯ ದಿನ ಬೆಳಗಿನ ತಿಂಡಿಯನ್ನೂ ಪೂರ್ತಿ ಮುಗಿಸದೆ ಸಮುದ್ರ ದಾಟಿ ಹೋದ ತಂಡದ ನಾಯಕರಿಗೆ, ನಮ್ಮ ಊಟದ ಕೋಣೆಯ ಗೋಡೆಗೆ ಆಕಾಶದ ಬಣ್ಣ ಬಳಿದ ಮಹನೀಯರಿಗೆ, ತಮ್ಮ ದೇಶದಲ್ಲಿ ಇಪ್ಪತ್ತಾರು ವರ್ಷಗಳಿಂದ ದಂತವೈದ್ಯರೆಂದು ಹೆಸರು ಮಾಡಿರುವವರಿಗೆ, ಮಕ್ಕಳ ಮನೆಯ ಅಡುಗೆಯವಳು ಕರ್ತನ ನಾಮದಲ್ಲಿ, ಒದ್ದೆ ಕೈ ಒರೆಸಿಕೊಂಡು, ಎಲ್ಲರೂ ಓದುವಂತೆ ಬರೆದುಕೊಳ್ಳುವ ವಿನಂತಿ.

ಮಾನ್ಯರೇ,

ಪ್ರಯಾಣದ ಆಯಾಸ ಕಳೆದು ತಾವೂ ತಮ್ಮ ತಂಡದ ಹನ್ನೆರಡು ಮಂದಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಹೊಟ್ಟೆಯ ಕ್ಷೇಮವನ್ನು ಪ್ರತ್ಯೇಕವಾಗಿ ವಿಚಾರಿಸುವುದು ನನ್ನ ಕರ್ತವ್ಯ. ಮೂರನೆಯ ದಿನ ಅದು ಕೆಟ್ಟದ್ದು ನನ್ನ ಅಡುಗೆಯಿಂದಲ್ಲ, ಚಿಕ್ಕ ಮಕ್ಕಳು ಹಿತ್ತಲಿನಲ್ಲಿ ಆರಿಸಿ ಪ್ರೀತಿಯಿಂದ ತಂದುಕೊಟ್ಟ ಹಣ್ಣಾಗದ ಹಣ್ಣುಗಳನ್ನು ಬೇಡವೆನ್ನಲಾರದೆ ತಾವು ಒಂದೂ ಬಿಡದೆ ತಿಂದದ್ದರಿಂದ. ಅಂದು ತಾವು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎರಡು ಬಟ್ಟಲು ಗಂಜಿ ಕುಡಿದು, ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಿರಿ. ತಾವು ಒಳ್ಳೆಯ ಮನುಷ್ಯರು. ತಮ್ಮ ಮೇಲೆ ನನಗಿರುವ ದೂರೆಲ್ಲ ಶುರುವಾಗುವುದೂ ಅಲ್ಲಿಂದಲೇ.

ವಿಷಯಕ್ಕೆ ಬರುತ್ತೇನೆ. ತಮ್ಮ ತಂಡ ಊರು ತಲುಪಿದ ಮೇಲೆ ಬರೆದು ಕಳುಹಿಸಿದ ವರದಿಯನ್ನು ಓದಿ, ಮಿಷನ್ನಿನ ಮುಖ್ಯ ಕಚೇರಿಯವರು ಒಂದು ಆದೇಶ ಹೊರಡಿಸಿದ್ದಾರೆ. ಅದರ ಪ್ರಕಾರ ನಮ್ಮ ಮನೆಯ ನಲವತ್ತಮೂರು ಮಕ್ಕಳಲ್ಲಿ ಒಬ್ಬಳನ್ನು, ಏಳು ವರ್ಷದ ಜಡ್ಜಮ್ಮನನ್ನು, ಇಲ್ಲಿಂದ ಒಂದೂವರೆ ದಿನದ ಪ್ರಯಾಣದಷ್ಟು ದೂರವಿರುವ ‘ಆನಂದ ಕೇಂದ್ರ’ಕ್ಕೆ ಒಂದು ವರ್ಷದ ಮಟ್ಟಿಗೆ ಕಳುಹಿಸಬೇಕು. ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಾಡಿ ಬರುತ್ತದಂತೆ. ಕಾರಣವೆಂಬ ಕಾಲಂನಲ್ಲಿ ‘ಮಗು ನಗುವುದಿಲ್ಲ’ ಎಂದು ಬರೆದಿದೆ. ಅವಳ ನಾಲ್ಕು ವರ್ಷದ ತಂಗಿ ಮಾತ್ರ ಇಲ್ಲೇ ಉಳಿಯಬೇಕಂತೆ, ಏಕೆಂದರೆ ಅವಳು ನಗುತ್ತಾಳೆ.

ಜಡ್ಜಮ್ಮ ಏಕೆ ನಗಲಿಲ್ಲವೆಂದರೆ, ತಾವು ಬರುವುದಕ್ಕೆ ಮೂರು ದಿನ ಮುಂಚೆ ಅವಳ ಮೇಲಿನ ಸಾಲಿನ ಮುಂದಿನ ಎರಡು ಹಾಲುಹಲ್ಲುಗಳು ಬಿದ್ದುಹೋಗಿದ್ದವು. ಅಷ್ಟೇ. ಇದಕ್ಕಿಂತ ಹೆಚ್ಚಿನ ಕಾರಣವನ್ನು ತಾವು ಅಪೇಕ್ಷಿಸಿದ್ದರೆ ನಿರಾಸೆಗಾಗಿ ಕ್ಷಮೆ ಕೋರುತ್ತೇನೆ.

ಇದನ್ನು ಮುಚ್ಚಿದ ಲಕೋಟೆಯಲ್ಲಿ ಗುಟ್ಟಾಗಿ ಬರೆಯದೆ ಹೀಗೆ ಬಹಿರಂಗವಾಗಿ ಬರೆದು, ಒಂದು ಪ್ರತಿಯನ್ನು ನಮ್ಮ ಗೇಟಿನ ನೋಟೀಸ್ ಬೋರ್ಡಿಗೂ ಅಂಟಿಸುತ್ತಿರುವುದನ್ನು ತಾವು ಉದ್ಧಟತನವೆಂದು ಭಾವಿಸಬಾರದು. ಮುಚ್ಚಿದ ಲಕೋಟೆಯಲ್ಲಿ ಮುಖ್ಯ ಕಚೇರಿಗೆ ನಾನು ಈಗಾಗಲೇ ಎರಡು ಸಲ ಬರೆದಿದ್ದೇನೆ. ಮಕ್ಕಳ ಮನೆಯಿಂದ ಹೋಗುವ ಕಾಗದಗಳೆಲ್ಲ ಅಲ್ಲಿ ನೇರವಾಗಿ ‘ಕೃತಜ್ಞತಾ ಪತ್ರಗಳು’ ಎಂಬ ಪೆಟ್ಟಿಗೆಗೆ ಬೀಳುತ್ತವೆಯಂತೆ. ಮಕ್ಕಳ ಮನೆಯವರು ಬೇರೆ ಏನನ್ನಾದರೂ ಬರೆಯಬಹುದೆಂಬ ಕಲ್ಪನೆ ಪೆಟ್ಟಿಗೆ ಮಾಡಿಸಿದವರಿಗೆ ಬಂದಿರಲಿಲ್ಲ. ಆದ್ದರಿಂದ ‘ದಯವಿಟ್ಟು ಮಗುವನ್ನು ಕಳುಹಿಸಬೇಡಿ’ ಎಂಬ ನನ್ನ ಮೊದಲ ಪತ್ರಕ್ಕೆ ‘ನಿಮ್ಮ ಕೃತಜ್ಞತೆ ನಮ್ಮ ಹೃದಯ ತುಂಬಿತು’ ಎಂಬ ಅಚ್ಚಾದ ಉತ್ತರ ಬಂತು. ‘ನಾನು ಕೃತಜ್ಞತೆ ಹೇಳಿಲ್ಲ’ ಎಂಬ ಎರಡನೆಯ ಪತ್ರಕ್ಕೂ ಅದೇ ಉತ್ತರ ಬಂದು, ಜೊತೆಗೆ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುವ ಪಟ್ಟಿಯೊಂದು ಉಡುಗೊರೆಯಾಗಿ ಬಂತು. ಪಟ್ಟಿ ಚೆನ್ನಾಗಿದೆ.

ಜಡ್ಜಮ್ಮ ಯಾರೆಂದು ತಮಗೆ ನೆನಪಿಸಬೇಕು. ಎರಡು ಜಡೆ, ಉದ್ದ ಕೈ ಅಂಗಿ, ಮಾತು ಕಮ್ಮಿ. ಇಬ್ಬರು ಮಕ್ಕಳು ಚೆಂಡಿಗಾಗಿ ಕಿತ್ತಾಡಿದರೆ ಇಬ್ಬರ ಮಾತನ್ನೂ ತಲೆ ಓರೆ ಮಾಡಿ ಪೂರ್ತಿ ಕೇಳಿ, ಕೊನೆಗೆ ಚೆಂಡನ್ನು ಮೂರನೆಯವರಿಗೆ ಕೊಟ್ಟುಬಿಡುವುದು ಅವಳ ಕ್ರಮ. ಹಾಗಾಗಿ ಆ ಹೆಸರು. ಹಲ್ಲು ಬಿದ್ದ ದಿನ ಊಟದ ಕೋಣೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹೋ ಎಂದು ನಕ್ಕವು. ಇವಳು ಅಳಲಿಲ್ಲ. ಬಿದ್ದ ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಹೊಸದು ಬರೋವರ್ಗೂ ನಾನು ಬಾಯಿ ತೆಗಿಯಲ್ಲ ಅತ್ತೆ, ಊಟಕ್ಕೆ ಬಿಟ್ಟು” ಎಂದಳು. ಅಂದಿನಿಂದ ಬಾಯಿಗೆ ಬೀಗ. ನಗು ಬಂದರೆ ಉಗ್ರಾಣಕ್ಕೆ ಓಡಿಹೋಗಿ, ಹಿಟ್ಟಿನ ಮೂಟೆಗಳ ಹಿಂದೆ ಕೂತು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಮುಖ ತೊಳೆದು, ಗಂಭೀರವಾಗಿ ಹೊರಗೆ ಬರುತ್ತಾಳೆ. ತಮ್ಮ ತಂಡ ಇಲ್ಲಿದ್ದ ಎಂಟು ದಿನಗಳಲ್ಲಿ ಅವಳು ಉಗ್ರಾಣಕ್ಕೆ ಓಡಿದಷ್ಟು ಇಡೀ ವರ್ಷದಲ್ಲಿ ಓಡಿರಲಿಲ್ಲ. ತಾವು ಏಣಿಯ ಮೇಲಿಂದ ಬಣ್ಣದ ಬಕೆಟ್ಟಿನೊಳಕ್ಕೆ ನೇರವಾಗಿ ಕಾಲಿಟ್ಟ ದಿನ ಒಂದರಲ್ಲೇ ನಾಲ್ಕು ಸಲ.

ಇನ್ನು ತಮ್ಮ ತಂಡದ ಸೇವಾಕ್ರಮವನ್ನು ಹೊಗಳದೆ ಮುಂದೆ ಹೋದರೆ ನನಗೆ ಪಾಪ ತಟ್ಟುತ್ತದೆ. ಮೊದಲ ಸಂಜೆ ತಾವು ಮಾಡಿದ ಭಾಷಣವನ್ನು ದುಭಾಷಿ ಅಣ್ಣ ನಮಗೆ ಹೇಳಿದರು. ತನಗೆ ಬರುವ ಕೆಲಸವನ್ನು ಮಾಡುವುದು ಬರೀ ಉದ್ಯೋಗ, ತನ್ನನ್ನು ತಗ್ಗಿಸಿಕೊಂಡು ಬಾರದ ಕೆಲಸವನ್ನು ಮಾಡುವುದೇ ಸೇವೆ ಎಂದು ತಾವು ಹೇಳಿ, ಕೆಲಸಗಳನ್ನೆಲ್ಲ ಚೀಟಿಗಳಲ್ಲಿ ಬರೆದು ತಮ್ಮ ಟೋಪಿಯೊಳಗೆ ಹಾಕಿ ಕುಲುಕಿದಿರಿ. ದಂತವೈದ್ಯರಾದ ತಮಗೆ ಗೋಡೆ ಬಂತು. ಗೋಡೆಗೆ ಬಣ್ಣ ಬಳಿಯುವುದೇ ಕಸುಬಾಗಿದ್ದ ಆ ಎತ್ತರದ ಮನುಷ್ಯನಿಗೆ ಆಲೂಗಡ್ಡೆ ಬಂತು. ಪಾಪ, ಅವರು ನನ್ನ ಪಕ್ಕದಲ್ಲಿ ಕೂತು ಒಂದು ಬುಟ್ಟಿ ಆಲೂಗಡ್ಡೆಯನ್ನು ಸುಲಿದು ಅರ್ಧ ಬುಟ್ಟಿ ಮಾಡಿಕೊಡುತ್ತಾ, ಕಿಟಕಿಯಿಂದ ತಾವು ಕುಂಚ ಎಳೆಯುವ ದಿಕ್ಕು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಬ್ರೆಡ್ಡು ಸುಡುವವರು ಗಿಡ ನೆಡಲು ಗುಂಡಿ ತೋಡಿದರು. ಕೊಳಾಯಿ ರಿಪೇರಿಯವರಿಗೆ ಅಭಿನಯಗೀತೆ ಬಂತು. ಅವರು ಎಂಟು ದಿನವೂ, ತೊಟ್ಟಿಕ್ಕುತ್ತಿದ್ದ ನನ್ನ ಅಡುಗೆಮನೆಯ ಕೊಳಾಯಿಯ ಮುಂದೆಯೇ ನಿಂತು, ಜೀವಜಲದ ನದಿ ಹರಿಯುವುದನ್ನು ಎರಡೂ ಕೈಗಳಿಂದ ಮಕ್ಕಳಿಗೆ ತೋರಿಸಿಕೊಟ್ಟರು. ಒಮ್ಮೆ ಅವರ ಕೈ ತಾನಾಗಿಯೇ ಕೊಳಾಯಿಯ ಕಡೆಗೆ ಹೋಯಿತು. ತಾವು ನೋಡುತ್ತಿದ್ದೀರೆಂದು ತಿಳಿದು ಹಿಂದೆ ತೆಗೆದುಕೊಂಡರು. ಅಷ್ಟು ಶಿಸ್ತಿನ ತಂಡವನ್ನು ನಾನು ಕಂಡಿಲ್ಲ.

ಗೋಡೆಯ ವಿಚಾರವನ್ನು ಎತ್ತಬಾರದೆಂದು ವಾರ್ಡನ್ ಅಕ್ಕ ಹೇಳಿದ್ದಾರೆ. ಆದರೂ ಎತ್ತುತ್ತೇನೆ. ತಾವು ಬಣ್ಣ ಬಳಿದ ಗೋಡೆಯಲ್ಲಿ ಬಾಗಿಲ ಪಕ್ಕಕ್ಕೆ ಪೆನ್ಸಿಲಿನ ಗೆರೆಗಳಿದ್ದವು. ಅವು ಗೋಡೆಯ ಬಿರುಕುಗಳಲ್ಲ. ಮಕ್ಕಳನ್ನು ವರ್ಷಕ್ಕೊಮ್ಮೆ ನಿಲ್ಲಿಸಿ ಅಳೆದ ಎತ್ತರಗಳು. ಮೂವತ್ತು ವರ್ಷಗಳ ಹಿಂದೆ ಇದೇ ಮನೆಯಲ್ಲಿ ಬೆಳೆದ ನನ್ನ ಗೆರೆಯೂ ಅಲ್ಲಿತ್ತು. ತಮ್ಮ ಕುಂಚ ಹತ್ತಿರ ಬಂದಾಗ ಜಡ್ಜಮ್ಮ ಓಡಿಬಂದು ತನ್ನ ತಂಗಿಯ ಗೆರೆಯ ಮೇಲೆ ಅಂಗೈ ಒತ್ತಿ ನಿಂತಳು. ತಾವು ಅದನ್ನು ಆಟವೆಂದು ತಿಳಿದು ಸಂತೋಷಪಟ್ಟು, ಅವಳ ಅಂಗೈಯ ಸುತ್ತ ಬೆರಳು ಬೆರಳಿಗೂ ಬಿಡದಂತೆ ಬಣ್ಣ ಹಚ್ಚಿ, ಫೋಟೋ ತೆಗೆಸಿಕೊಂಡು, ಅವಳಿಗೆ ಕೈನೋವು ಬಂದು ಕೈ ತೆಗೆಯುವವರೆಗೂ ತಾಳ್ಮೆಯಿಂದ ಕಾದು, ಆಮೇಲೆ ಉಳಿದ ಜಾಗವನ್ನೂ ತುಂಬಿಸಿದಿರಿ. ಈಗ ನಮ್ಮ ಮಕ್ಕಳು ಎಷ್ಟು ಬೆಳೆದಿದ್ದಾರೆಂದು ಹೇಳಲು ಯಾವ ಆಧಾರವೂ ಇಲ್ಲ. ನೀಲಿ ಮಾತ್ರ ಬಹಳ ಚೆನ್ನಾಗಿದೆ.

ಇಷ್ಟಾದ ಮೇಲೂ ಮಾರನೆಯ ದಿನದಿಂದ ಜಡ್ಜಮ್ಮ ತಮ್ಮ ಬೆನ್ನಿಗೇ ಇದ್ದಳೆಂಬುದನ್ನು ತಾವು ಗಮನಿಸಿರಬಹುದು. ತಾವು ಬಿಟ್ಟ ಜಾಗಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದವಳು ಅವಳೇ. ನಾನು ಕೇಳಿದ್ದಕ್ಕೆ, “ಹಾಳು ಮಾಡಿದ್ದು ಮಾಡಿದ್ರು, ಅರ್ಧ ಬಿಟ್ಟು ಹೋಗ್ಬಾರ್ದಲ್ವಾ” ಎಂದಳು. ಆರನೆಯ ದಿನ ತಾವು ಅವಳನ್ನು ಎತ್ತಿ ಹಿಡಿದು ಕಿಟಕಿಯ ಮೇಲಿನ ಮೂಲೆಗೆ ಅವಳ ಕೈಯಿಂದಲೇ ಬಣ್ಣ ಹಾಕಿಸಿದಿರಿ. ಆಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬಾಯಿ ತಾನಾಗಿ ತೆರೆದುಕೊಂಡಿತು. ತಮ್ಮ ಮೂಗಿನಿಂದ ಒಂದು ಗೇಣು ದೂರದಲ್ಲಿ, ಇಪ್ಪತ್ತಾರು ವರ್ಷಗಳಿಂದ ತಾವು ಹಗಲೆಲ್ಲ ಇಣುಕುವಂಥ ಬಾಯಿಯೊಂದು ಅಗಲವಾಗಿ ತೆರೆದಿತ್ತು. ಒಳಗೆ ಎರಡು ಹಲ್ಲುಗಳ ಜಾಗ ಖಾಲಿ ಇತ್ತು. ತಾವು ಬಕೆಟ್ ನೋಡುತ್ತಿದ್ದಿರಿ. ಆ ವಾರ ತಾವು ದಂತವೈದ್ಯರಾಗಿರಲಿಲ್ಲ, ಚೀಟಿಯ ಪ್ರಕಾರ ಬಣ್ಣದವರಾಗಿದ್ದಿರಿ, ಆದ್ದರಿಂದ ನೋಡದಿದ್ದದ್ದು ನಿಯಮಕ್ಕೆ ಸರಿಯಾಗಿಯೇ ಇದೆ.

ಮಕ್ಕಳ ಸಂತೋಷವನ್ನು ಅಳೆಯುವ ಚೀಟಿ, ದನಕರುಗಳ ವೈದ್ಯಕೀಯ ಓದುತ್ತಿರುವ ಆ ಹುಡುಗಿಗೆ ಬಂದಿತ್ತು. ಬಹಳ ಒಳ್ಳೆಯ ಹುಡುಗಿ. ನಮ್ಮ ಬೆಕ್ಕಿನ ಕಿವಿಹುಣ್ಣನ್ನು ಯಾರಿಗೂ ಹೇಳದೆ ಕದ್ದು ವಾಸಿ ಮಾಡಿ ಹೋದಳು. ಅವಳ ಕೈಗೆ ತಾವು ಕೊಟ್ಟ ಫಾರಂನಲ್ಲಿ ಐದು ದುಂಡು ಮುಖಗಳಿದ್ದವು. ಮೊದಲನೆಯದು ಕಣ್ಣೀರು ಸುರಿಸುತ್ತದೆ, ಐದನೆಯದು ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತದೆ. ಮಗು ಬಂದು ಎದುರು ನಿಲ್ಲಬೇಕು, ಅದರ ಮುಖ ನೋಡಿ ಇವಳು ಯಾವುದೋ ಒಂದು ಮುಖದ ಕೆಳಗೆ ಗುರುತು ಹಾಕಬೇಕು. ನಲವತ್ತೆರಡು ಮಕ್ಕಳು ಐದನೆಯ ಮುಖ ಮಾಡಿದರು, ಏಕೆಂದರೆ ಕ್ಯಾಮೆರಾ ಕಂಡರೆ ಹಾಗೆ ಮಾಡಬೇಕೆಂದು ಇಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುತ್ತಾರೆ. ನಾನೂ ಕಲಿತಿದ್ದೆ. ಹನ್ನೊಂದು ವರ್ಷ, ವರ್ಷಕ್ಕೆ ಐದು ತಂಡದಂತೆ, ನಾನು ಈ ಮನೆಯಲ್ಲಿ ನಕ್ಕಿದ್ದೇನೆ. ಜ್ವರ ಬಂದಾಗಲೂ ನಕ್ಕಿದ್ದೇನೆ, ನನ್ನಮ್ಮ ತೀರಿಕೊಂಡ ವಾರವೂ ನಕ್ಕಿದ್ದೇನೆ, ಆ ವಾರದ ಫೋಟೋ ಒಂದು ವರ್ಷದ ಕ್ಯಾಲೆಂಡರಿನಲ್ಲಿ ಬಂದಿತ್ತು. ಜಡ್ಜಮ್ಮ ಮಾತ್ರ ಬಾಯಿ ಬಿಗಿದು, ಕಣ್ಣು ಮಿಟುಕಿಸದೆ, ಆ ಹುಡುಗಿಯನ್ನೇ ತೂಗಿ ನೋಡುವವಳಂತೆ ನಿಂತಳು. ಹುಡುಗಿ ಹೆದರಿ ಮೊದಲನೆಯ ಮುಖಕ್ಕೆ ಗುರುತು ಹಾಕಿದಳು. ಅದರ ಕೆಳಗೆ ‘ಎಂಟು ದಿನಗಳಲ್ಲಿ ಒಮ್ಮೆಯೂ ನಗಲಿಲ್ಲ, ಹೃದಯದಲ್ಲಿ ಆಳವಾದ ಗಾಯವಿರುವಂತಿದೆ’ ಎಂದು ಬರೆದಳು. ಅದರ ಕೆಳಗೆ ತಾವು ಸಹಿ ಹಾಕಿದಿರಿ. ಗಾಯ ಇದ್ದದ್ದು ನಿಜ, ಆದರೆ ವಸಡಿನಲ್ಲಿ.

ಈಗ ತಂಗಿಯ ವಿಚಾರ. ಅವಳನ್ನು ನಾವು ಬಾಲ ಎನ್ನುತ್ತೇವೆ. ಅಕ್ಕನ ಅಂಗಿಯ ಹಿಂದಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ದಿನವಿಡೀ ಓಡಾಡುವುದು. ಅಕ್ಕ ಪಕ್ಕದಲ್ಲಿ ಕೂತರೆ ಉಣ್ಣುತ್ತಾಳೆ, ಇಲ್ಲದಿದ್ದರೆ ತಟ್ಟೆ ನೋಡುತ್ತಾ ಕೂರುತ್ತಾಳೆ. ಕಳೆದ ವರ್ಷ ಜಡ್ಜಮ್ಮನಿಗೆ ಮೈಮೇಲೆ ಗುಳ್ಳೆ ಎದ್ದು ನಾಲ್ಕು ದಿನ ಬೇರೆ ಕೋಣೆಯಲ್ಲಿ ಮಲಗಿಸಿದಾಗ ಬಾಲ ನಾಲ್ಕು ದಿನವೂ ಆ ಬಾಗಿಲ ಬಳಿಯೇ ತಟ್ಟೆ ಇಟ್ಟುಕೊಂಡು ಕೂತು, ಒಳಗಿನಿಂದ “ತಿನ್ನು” ಎಂದರೆ ಒಂದು ತುತ್ತು ತಿನ್ನುತ್ತಿದ್ದಳು. ಇದನ್ನೆಲ್ಲ ದುಭಾಷಿ ಅಣ್ಣ ಫೋನಿನಲ್ಲಿ ವಿವರಿಸಿ, ಕಳುಹಿಸುವುದೇ ಆದರೆ ಇಬ್ಬರನ್ನೂ ಕಳುಹಿಸಿ ಎಂದರು. ಸಂತೋಷವಾಗಿರುವ ಮಕ್ಕಳಿಗೆ ಆನಂದ ಕೇಂದ್ರದಲ್ಲಿ ಪ್ರವೇಶವಿಲ್ಲವೆಂದು ಕಚೇರಿಯವರು ಹೇಳಿದರು. ಅಕ್ಕ ಹೋದರೆ ತಂಗಿಯ ಸಂತೋಷ ಹೋಗುತ್ತದಲ್ಲ ಎಂದು ಇವರು ಕೇಳಿದರು. ಹಾಗೆ ಹೋದದ್ದು ಮುಂದಿನ ವರ್ಷದ ಫಾರಂನಲ್ಲಿ ಕಂಡುಬಂದರೆ ಖಂಡಿತ ಪರಿಶೀಲಿಸುತ್ತೇವೆ ಎಂದರು. ಆ ಹೊತ್ತಿಗೆ ಅಕ್ಕ ಗುಣವಾಗಿ ಇಲ್ಲಿಗೆ ವಾಪಸ್ ಬಂದಿರುತ್ತಾಳೆ, ತಂಗಿ ಅಲ್ಲಿಗೆ ಹೋಗಬೇಕಾಗುತ್ತದೆ. ತಂಗಿ ಹೋದ ದುಃಖಕ್ಕೆ ಅಕ್ಕ ಮತ್ತೆ ಅರ್ಹಳಾಗುತ್ತಾಳೆ. ಹೀಗೆ ಇಬ್ಬರೂ ಮದುವೆಯ ವಯಸ್ಸಿಗೆ ಬರುವವರೆಗೂ ಎದುರುಬದುರು ಗಾಡಿಗಳಲ್ಲಿ ಒಬ್ಬರಿಗೊಬ್ಬರು ಕೈಬೀಸುತ್ತಾ ಆನಂದವನ್ನು ಪೂರ್ತಿಯಾಗಿ ಪಡೆಯಬಹುದೆಂದು ನಾನು ಲೆಕ್ಕ ಹಾಕಿದ್ದೇನೆ.

ಗುರುವಾರದ ಸುದ್ದಿಯನ್ನು ಜಡ್ಜಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಎಂದಿನಂತೆ ತಲೆ ಓರೆ ಮಾಡಿ ಪೂರ್ತಿ ಕೇಳಿದಳು. ಬಾಯಿಯ ಮುಂದೆ ಕೈ ಅಡ್ಡ ಹಿಡಿದು, “ಅಲ್ಲಿ ಬಾಲಂಗೆ ಜಾಗ ಇಲ್ವಾ?” ಎಂದು ಕೇಳಿದಳು. ಇಲ್ಲವೆಂದೆ. “ಹಾಗಾದ್ರೆ ಅವಳಿಗೆ ಊಟ ಮಾಡೋದು ಕಲಿಸ್ಬೇಕು” ಎಂದು ಹೇಳಿ, ಅಂದಿನಿಂದ ಪ್ರತಿ ಊಟಕ್ಕೂ ಬಾಲಳಿಂದ ಒಂದೊಂದು ಜಾಗ ದೂರ ಸರಿದು ಕೂರುತ್ತಿದ್ದಾಳೆ. ಇವತ್ತಿಗೆ ಐದು ಜಾಗ ದೂರವಾಗಿದೆ. ಇದನ್ನು ನೋಡುತ್ತಾ ಬಡಿಸುವುದು ನನ್ನಿಂದ ಆಗುತ್ತಿಲ್ಲ, ಮಾನ್ಯರೇ. ತಮ್ಮ ಮೇಲೆ ನನಗೆ ಹೊಟ್ಟೆ ಉರಿಯುವಷ್ಟು ಸಿಟ್ಟಿದೆ. ವಿನಂತಿಪತ್ರದಲ್ಲಿ ಇಂಥ ಮಾತು ಬರಬಾರದಾದರೂ ಒಂದು ಸಲ ಬರೆದುಬಿಟ್ಟರೆ ಮುಂದಿನ ಸಾಲುಗಳು ಸೌಜನ್ಯದಿಂದ ಬರುತ್ತವೆಂದು ಬರೆದಿದ್ದೇನೆ.

ದೂರದಿಂದ ಬಂದವರೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ನಾನು ಎಂಟು ವರ್ಷದವಳಾಗಿದ್ದಾಗ ಒಬ್ಬ ಮುದುಕಿ ನರ್ಸಮ್ಮ ಬಂದಿದ್ದರು. ಹತ್ತು ದಿನ ಇದ್ದರು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಉಗುರು ಕತ್ತರಿಸಿ, ತಲೆಯಲ್ಲಿ ಹೇನು ನೋಡಿ, ಕಿವಿಯಲ್ಲಿ ಏನಿದೆಯೆಂದು ನೋಡಿ ಕಳುಹಿಸುತ್ತಿದ್ದರು. ಹಾಡಿಸಲಿಲ್ಲ, ಕುಣಿಸಲಿಲ್ಲ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಎಡಗಿವಿ ಕೇಳುತ್ತಿಲ್ಲವೆಂದು ಮೊದಲು ಕಂಡುಹಿಡಿದವರು ಅವರು, ಇವತ್ತು ನಾನು ಎರಡೂ ಕಿವಿಯಿಂದ ಕೇಳುವುದು ಅವರಿಂದ. ಅವರನ್ನು ನೆನೆಯದೆ ನಾನು ಒಂದು ದಿನವೂ ಪ್ರಾರ್ಥನೆ ಮುಗಿಸಿಲ್ಲ. ಅವರ ಕಾಲದಲ್ಲಿ ಟೋಪಿಯೊಳಗೆ ಚೀಟಿ ಹಾಕುವ ಪದ್ಧತಿ ಬಂದಿರಲಿಲ್ಲವೆಂದು ಕಾಣುತ್ತದೆ.

ಆದಕಾರಣ ನನ್ನ ಕೆಲವು ಬೇಡಿಕೆಗಳನ್ನು ತಾವು ಮುಖ್ಯ ಕಚೇರಿಯ ಮುಂದೆ ಇಡಬೇಕಾಗಿ ಪ್ರಾರ್ಥನೆ. ಮಕ್ಕಳ ಹಲ್ಲುಗಳು ಇನ್ನು ಮುಂದೆ ಎರಡು ತಂಡಗಳ ನಡುವಿನ ಬಿಡುವಿನಲ್ಲಿ ಮಾತ್ರ ಬೀಳತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಬೇಕು, ಮತ್ತು ಅದನ್ನು ಹಲ್ಲುಗಳಿಗೆ ಓದಿ ಹೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ತುರ್ತು ಸಂದರ್ಭದಲ್ಲಿ ಬಳಸಲು, ಮಗುವಿನ ಬಾಯಿಯ ಮುಂದೆ ಹಿಡಿಯಬಹುದಾದಂಥ, ಕಚೇರಿಯ ಮೊಹರು ಬಿದ್ದ ರಟ್ಟಿನ ನಗುವೊಂದನ್ನು ಪ್ರತಿ ಮಗುವಿಗೂ ಕೊಡಬೇಕು. ಚಿಕ್ಕವರಿಗೆ ಚಿಕ್ಕ ಅಳತೆಯದು ಇದ್ದರೆ ಒಳ್ಳೆಯದು. ಮುಂದಿನ ತಂಡದಲ್ಲಿ ಮಕ್ಕಳನ್ನು ಕಂಡರೆ ಅಷ್ಟೇನೂ ಆಗದ, ಆದರೆ ಕೊಳಾಯಿಯ ವಾಷರ್ ಬದಲಾಯಿಸಲು ಬರುವ ಒಬ್ಬ ಸಿಡುಕು ಮನುಷ್ಯರನ್ನು ಸೇರಿಸಬೇಕು. ಫಾರಂನಲ್ಲಿ ಆರನೆಯ ಮುಖವೊಂದನ್ನು ಬರೆಸಬೇಕು. ಅದು ಬಾಯಿ ಮುಚ್ಚಿಕೊಂಡಿರಬೇಕು, ದುಃಖವೂ ಇರಬಾರದು ಸಂತೋಷವೂ ಇರಬಾರದು, ಎದುರಿಗೆ ನಿಂತವರು ಯಾರಿವರು ಎಂದು ಯೋಚಿಸುತ್ತಿರಬೇಕು. ಕೊನೆಯದಾಗಿ, ತಮ್ಮ ದೇಶದ ಮಕ್ಕಳ ಮನೆಗಳಿಗೆ ನಮ್ಮಿಂದಲೂ ಎಂಟು ದಿನದ ಒಂದು ತಂಡ ಬರಲು ಅಪ್ಪಣೆ ಕೊಡಿಸಬೇಕು. ನಾನು ಹಲ್ಲು ಕೀಳುತ್ತೇನೆ. ನಮ್ಮ ಕಾವಲುಗಾರ ಮಾವ ತಮ್ಮ ಆಸ್ಪತ್ರೆಯ ಗೋಡೆಗಳಿಗೆ ಬಣ್ಣ ಬಳಿಯುತ್ತಾರೆ; ಅಲ್ಲಿ ಏನೇನು ಬರೆದಿದೆಯೆಂದು ಅವರು ಓದಲು ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ.

ಈ ಬೇಡಿಕೆಗಳಲ್ಲಿ ಯಾವುದೂ ನಡೆಯುವುದಿಲ್ಲವೆಂದು ನನಗೆ ಗೊತ್ತು. ನಡೆಯಬಹುದಾದದ್ದು ಒಂದಿದೆ. ನಾನು ಅಡುಗೆಯವಳು, ಏಳು ವರ್ಷಕ್ಕೆ ಹಲ್ಲು ಬೀಳುತ್ತದೆ, ಆಮೇಲೆ ಬರುತ್ತದೆ ಎಂದು ನಾನು ಹೇಳಿದರೆ ಕಚೇರಿಯಲ್ಲಿ ಅದು ಕೃತಜ್ಞತೆಯ ಪೆಟ್ಟಿಗೆಗೆ ಹೋಗುತ್ತದೆ. ಅದೇ ಮಾತನ್ನು ತಾವು ತಮ್ಮ ಆಸ್ಪತ್ರೆಯ ಹೆಸರಿರುವ ಕಾಗದದಲ್ಲಿ, ತಮ್ಮ ಪದವಿಗಳ ಕೆಳಗೆ, ‘ಈ ಮಗುವಿಗೆ ಬಿದ್ದಿರುವುದು ಹಾಲುಹಲ್ಲು, ಹೊಸದು ಬರುವವರೆಗೆ ಕಾಯಿರಿ’ ಎಂದು ಒಂದೇ ಒಂದು ಸಾಲು ಬರೆದು ಸಹಿ ಹಾಕಿದರೆ ಗಾಡಿ ನಿಲ್ಲುತ್ತದೆ. ಅದು ತಮಗೆ ಬರುವ ಕೆಲಸವಾದ್ದರಿಂದ ಸೇವೆಯೆನಿಸಿಕೊಳ್ಳಲಾರದು ಎಂಬ ಸಂಕೋಚ ತಮಗಿರಬಹುದು. ಈ ಒಂದು ಸಲ ತಗ್ಗಿಸಿಕೊಳ್ಳದೆ ಇದ್ದಲ್ಲೇ ಇರಿ ಎಂದು ಬೇಡಿಕೊಳ್ಳುತ್ತೇನೆ. ದುಭಾಷಿ ಅಣ್ಣನಿಗೆ ಉದ್ದ ವಾಕ್ಯಗಳನ್ನು ಅರ್ಧ ಮಾಡಿ ಹೇಳುವ ಅಭ್ಯಾಸವಿದೆ. ಈ ಪತ್ರದಲ್ಲಿ ಅವರು ಉಳಿದದ್ದೆಲ್ಲ ಬಿಟ್ಟರೂ ಚಿಂತೆಯಿಲ್ಲ, ಈ ಸಾಲನ್ನು ಬಿಡಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೇನೆ.

ತಮಗೂ ತಮ್ಮ ಕುಟುಂಬಕ್ಕೂ ತಮ್ಮ ಜೀರ್ಣಶಕ್ತಿಗೂ ಕರ್ತನು ಕಾವಲಾಗಿರಲೆಂದು ಮನಸಾರೆ ಬೇಡುತ್ತಾ, ಅಂಚೆಗಿಂತ ಬೇಗ ಬರುವ ಯಾವ ದಾರಿಯಿದ್ದರೂ ಅದರಲ್ಲಿ ತಮ್ಮ ಆ ಒಂದು ಸಾಲನ್ನು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಮಕ್ಕಳ ಮನೆಯ ಅಡುಗೆಯವಳು
(ತಮಗೆ ಎರಡು ಬಟ್ಟಲು ಗಂಜಿ ಕೊಟ್ಟವಳು)

ಕೊನೆಗೆ ಸೇರಿಸಿದ ಮಾತು: ಪತ್ರ ಮುಗಿಸಿ, ಪ್ರತಿಯನ್ನು ಗೇಟಿಗೆ ಹಚ್ಚಲು ಅಂಟು ಹುಡುಕುತ್ತಿರುವಾಗಲೇ, ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಗುರುವಾರಕ್ಕೆ ಮುಂಚೆ ಒಮ್ಮೆ ಖುದ್ದಾಗಿ ನೋಡಿ ಖಚಿತಪಡಿಸಿಕೊಳ್ಳಲು ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಮಕ್ಕಳನ್ನೆಲ್ಲ ಊಟದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ಫಾರಂ ತೆಗೆದು, “ಎಲ್ಲಿ, ಎಲ್ರೂ ಒಂದ್ಸಲ ನಗಿ ನೋಡೋಣ” ಎಂದರು. ನಲವತ್ತಮೂರು ಬಾಯಿಗಳೂ ಮುಚ್ಚಿದ್ದವು. ನಾನು ಕಲಿಸಿಕೊಟ್ಟದ್ದಲ್ಲ, ವಾರ್ಡನ್ ಅಕ್ಕನೂ ಅಲ್ಲ. ಯಾರು ಯಾರಿಗೆ ಹೇಳಿದರೋ ಕರ್ತನೇ ಬಲ್ಲ. ಅಧಿಕಾರಿಗಳು ಕೆನ್ನೆ ಉಬ್ಬಿಸಿ ತೋರಿಸಿದರು, ಕೋಳಿಯಂತೆ ಕೂಗಿದರು, ಕೊನೆಗೆ ಒಂಟಿಕಾಲಿನಲ್ಲಿ ಕುಣಿದರು. ದೊಡ್ಡ ಹುಡುಗಿಯರು ಚಾವಣಿ ನೋಡಿದರು. ಬಾಲ ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದು, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅಧಿಕಾರಿಗಳು ನಲವತ್ತಮೂರು ಸಲ ಮೊದಲನೆಯ ಮುಖಕ್ಕೆ ಗುರುತು ಹಾಕಿ ಬೆವರು ಒರೆಸಿಕೊಂಡರು. ಆನಂದ ಕೇಂದ್ರದಲ್ಲಿ ಇರುವುದು ಒಂಬತ್ತು ಹಾಸಿಗೆಗಳಂತೆ. ಅಂಗಳದಲ್ಲಿ ನಿಂತು ಬಹಳ ಹೊತ್ತು ಫೋನಿನಲ್ಲಿ ಮಾತಾಡಿ ಒಳಗೆ ಬಂದು, “ಗುರುವಾರದ ಗಾಡಿ ಸದ್ಯಕ್ಕೆ ಬರಲ್ಲಮ್ಮ, ಇದಕ್ಕೆ ದೊಡ್ಡ ಮೀಟಿಂಗೇ ಆಗ್ಬೇಕು” ಎಂದು ಹೇಳಿ, ನೀರು ಕುಡಿದು ಹೊರಟುಹೋದರು.

ಆಮೇಲೆ ಜಡ್ಜಮ್ಮ ಅಡುಗೆಮನೆಗೆ ಬಂದಳು. “ಅತ್ತೆ, ಅವ್ರೆಲ್ಲರ ಹಲ್ಲೂ ಬಿದ್ದೋಯ್ತಾ?” ಎಂದು ಕೇಳಿದಳು. ಇಲ್ಲ ಕಣೇ, ನೀನು ಹೋಗಬಾರದು ಅಂತ ಬಾಯಿ ಮುಚ್ಚಿಕೊಂಡರು ಎಂದೆ. ತಲೆ ಓರೆ ಮಾಡಿ ಅದನ್ನು ಸ್ವಲ್ಪ ಹೊತ್ತು ವಿಚಾರಣೆ ಮಾಡಿದಳು. ಆಮೇಲೆ ಉಗ್ರಾಣಕ್ಕೆ ಓಡದೆ, ಕೈ ಅಡ್ಡ ಹಿಡಿಯದೆ, ಅಲ್ಲೇ ನನ್ನ ಒಲೆಯ ಮುಂದೆ ನಿಂತು, ಬಾಯಿ ತುಂಬ ನಕ್ಕಳು. ತಮಗೆ ಕಳುಹಿಸಲು ಅದರ ಫೋಟೋ ಇಲ್ಲ. ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಆದರೆ ಹತ್ತಿರದಲ್ಲಿದ್ದೆನಾದ್ದರಿಂದ ಒಳಗೆ ನೋಡಿದೆ: ಹೊಸದಿನ್ನೂ ಬಂದಿಲ್ಲ, ಪಕ್ಕದ ಇನ್ನೊಂದು ಅಲುಗಾಡುತ್ತಿದೆ. ಮೀಟಿಂಗ್ ಸೇರುವಷ್ಟರಲ್ಲಿ ಅದೂ ಬೀಳುತ್ತದೆ. ಬೇಗ ಬರೆಯಿರಿ.